ವ್ಯಾಯಾಮ ಶಿಕ್ಷಕನೊಬ್ಬನ ಅರಿಕೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಹೇಳಿಕಳುಹಿಸಿದಾಗ ನನಗೆ ಸಂಕೋಚವೇ ಆಯಿತು. ಸೇವೆಯ ಉದ್ದಕ್ಕೂ ನಾನು ಹಿಡಿದದ್ದು ಸೀಟಿಯೇ ಹೊರತು ಲೇಖನಿಯಲ್ಲ. ಆದರೂ ಹೇಳಲೇಬೇಕಾದ ಸಂಗತಿಯೊಂದು ಬಹುಕಾಲದಿಂದ ಮನಸ್ಸಿನಲ್ಲಿ ಉಳಿದಿದೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮೂರಿನಲ್ಲಿ ವ್ಯಾಯಾಮಶಾಲೆಯನ್ನು, ಈಗಿನವರ ಮಾತಿನಲ್ಲಿ ಜಿಮ್ಮನ್ನು, ತೆರೆದಿದ್ದಾರೆ. ಅಲ್ಲಿನ ತರುಣ ತರಬೇತುದಾರರಿಗೆ ನಾಲ್ಕು ಮಾತು ಹೇಳಬೇಕೆಂದು ವಾರಕ್ಕೊಮ್ಮೆ ನನ್ನನ್ನು ಕರೆದೊಯ್ಯುತ್ತಾರೆ. ಅಲ್ಲಿಗೆ ಬರುವ ಬಗೆಬಗೆಯ ಜನರನ್ನು ಕಂಡಾಗಲೆಲ್ಲ ಆ ಹಳೆಯ ಸಂಗತಿ ಕಣ್ಣಿಗೆ ಕಟ್ಟುತ್ತದೆ.

1976ನೆಯ ಇಸವಿ. ಆಗ ನಾನಿದ್ದ ಶಾಲೆ ಬೇರೆ, ಊರೂ ಬೇರೆ. ಸೇವೆಗೆ ಸೇರಿ ಎರಡು ವರ್ಷವಾಗಿತ್ತು. ಎದೆ ಉಬ್ಬಿಸಿ ನಡೆಯುವ ವಯಸ್ಸು. ನಲವತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಿ, ನನ್ನ ಒಂದೇ ಎಣಿಕೆಗೆ ಅಷ್ಟೂ ಕೈಗಳು ಒಟ್ಟಾಗಿ ಮೇಲೇಳುವುದನ್ನು ನೋಡುವುದೇ ನನಗೆ ಪರಮಾನಂದ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಓಟದ ಹೊತ್ತಿಗೆ ಯಾವಾಗಲೂ ಹಿಂದೆ ಸರಿಯುತ್ತಿದ್ದ. ‘ಸರ, ಭಾಳ ದಮ್ಮ ಹತ್ತತೈತ್ರಿ’ ಎಂದು ಒಂದು ದಿನ ಬಾಯಿಬಿಟ್ಟು ಹೇಳಿಯೂ ಹೇಳಿದ. ನಾನು ಅದನ್ನು ಮೈಗಳ್ಳತನವೆಂದೇ ಬಗೆದು, ಉಳಿದವರಿಗೆ ಎರಡು ಸುತ್ತಾದರೆ ಅವನಿಗೆ ಮೂರು ಎಂದು ಆಜ್ಞೆ ಮಾಡಿದೆ. ಮೂರನೆಯ ಸುತ್ತಿನ ಅರ್ಧದಲ್ಲಿ ಅವನು ಬಿದ್ದ. ಓಡಿಹೋಗಿ ಎತ್ತಿಕೊಂಡಾಗ ತುಟಿಗಳು ನೀಲಿಗಟ್ಟಿದ್ದವು.

ಆಸ್ಪತ್ರೆಯಲ್ಲಿ ವೈದ್ಯರು ಅವನ ತಾಯಿಯನ್ನು ಕೇಳಿದ್ದು ಎರಡೇ ಪ್ರಶ್ನೆ: ಹಿಂದೆ ಯಾವಾಗಲಾದರೂ ಜ್ವರ ಬಂದು ಕೀಲುಗಳು ಊದಿದ್ದವೆ? ನಡೆಯುವಾಗ ದಮ್ಮು ಹತ್ತುವುದುಂಟೆ? ಎರಡು ವರ್ಷದ ಹಿಂದೆ ಒಂದು ಮೊಣಕಾಲಿನ ಬಾವು ಇಳಿಯುವಷ್ಟರಲ್ಲಿ ಮತ್ತೊಂದು ಊದಿತ್ತೆಂದೂ, ತಾನಾಗಿಯೇ ವಾಸಿಯಾಯಿತೆಂದು ಸುಮ್ಮನಿದ್ದೆವೆಂದೂ ಆ ತಾಯಿ ಹೇಳಿದರು. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ಎರಡು ಮೂರು ವಾರಗಳ ತರುವಾಯ ಬಂದು, ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆಂದು ವೈದ್ಯರಲ್ಲಿ ಹಳೆಯ ಮಾತುಂಟು. ಹುಡುಗನ ಹೃದಯದ ಕವಾಟವೊಂದು ಕೆಟ್ಟಿತ್ತು. ಹೊರಗೆ ಬಂದ ಮೇಲೆ ವೈದ್ಯರು ನನ್ನನ್ನು ಬದಿಗೆ ಕರೆದು, ‘ಮಾಸ್ತರ, ಈ ಎರಡು ಪ್ರಶ್ನೆ ಕೇಳಲಿಕ್ಕೆ ಡಾಕ್ಟರ ಆಗಬೇಕಂತಿಲ್ಲ’ ಎಂದರು. ತಾಯಿ ಮಾತ್ರ ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಹುಡುಗ ಬದುಕಿಕೊಂಡ. ಆ ಜ್ವರ ಮರುಕಳಿಸದಂತೆ 21 ದಿನಗಳಿಗೊಮ್ಮೆ ಪೆನಿಸಿಲಿನ್ ಸೂಜಿಮದ್ದು ಬೀಳಬೇಕಾಗಿತ್ತು. ನನಗೆ ವರ್ಗವಾಗುವವರೆಗೂ ಅವನನ್ನು ಸೈಕಲ್ಲಿನ ಮೇಲೆ ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಬಲು ನೋವಿನ ಸೂಜಿ ಅದು. ಮರಳುವಾಗ ಕ್ಯಾರಿಯರಿನ ಮೇಲೆ ಕುಳಿತುಕೊಳ್ಳಲಾರದೆ ಅರ್ಧ ದಾರಿ ನಡೆದೇ ಬರುತ್ತಿದ್ದ, ನಾನೂ ಸೈಕಲ್ ತಳ್ಳಿಕೊಂಡು ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದೆ. ಒಬ್ಬ ಮನುಷ್ಯನ ನಡಿಗೆಯ ವೇಗಕ್ಕೆ ನನ್ನ ವೇಗವನ್ನು ಹೊಂದಿಸಿಕೊಳ್ಳುವುದನ್ನು ನಾನು ಮೊದಲು ಕಲಿತದ್ದು ಆ ರಸ್ತೆಯಲ್ಲಿ.

ವಾಸ್ತವವಾಗಿ ಅದನ್ನು ನಾನು ಇನ್ನೂ ಮುಂಚೆಯೇ ಕಲಿತಿರಬೇಕಾಗಿತ್ತು. ನಾನು ಬಾಲ್ಯದಲ್ಲಿ ಹೋಗುತ್ತಿದ್ದ ಗರಡಿಯ ವಸ್ತಾದರು ಅಕ್ಷರ ಬಲ್ಲವರಲ್ಲ. ಆದರೆ ಪ್ರತಿಯೊಬ್ಬ ಹುಡುಗನನ್ನೂ ನಿನ್ನೆ ಏನು ಉಂಡೆ, ಎಷ್ಟು ಹೊತ್ತು ಮಲಗಿದೆ ಎಂದು ಕೇಳಿಯೇ ಸಾಮು ಹೇಳುತ್ತಿದ್ದರು. ಒಬ್ಬನಿಗೆ ನೂರು ಬಸ್ಕಿ, ಪಕ್ಕದವನಿಗೆ ಇಪ್ಪತ್ತು. ಜ್ವರದಿಂದ ಎದ್ದವನಿಗೆ ದೀಪ ಹಚ್ಚಿ ಕುಳಿತು ನೋಡುವ ಕೆಲಸ. ಹಾಗೆಂದು ಹಳೆಯದೆಲ್ಲವೂ ನಿರ್ದುಷ್ಟವೆಂದು ನಾನು ಹೇಳಲಾರೆ. ಸಂಗ್ರಾಣಿ ಕಲ್ಲು ಎತ್ತುವಾಗ ಉಸಿರು ಬಿಗಿಹಿಡಿಯಬೇಕೆಂಬುದು ಆ ಗರಡಿಯ ಪಾಠ. 1985ರಲ್ಲಿ ಕೆನಡಾ ದೇಶದ ಸಂಶೋಧಕರು ಐವರು ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ಸೂಕ್ಷ್ಮನಳಿಕೆಯನ್ನಿಟ್ಟು ಅಳೆದಾಗ, ಎರಡೂ ಕಾಲುಗಳಿಂದ ಭಾರ ತಳ್ಳುವ ಹೊತ್ತಿನಲ್ಲಿ ಅವರ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಆರೋಗ್ಯವಂತ ತರುಣನ ರಕ್ತನಾಳ ಅದನ್ನು ಕ್ಷಣಕಾಲ ತಾಳೀತು. ರಕ್ತದೊತ್ತಡದ ಮಾತ್ರೆ ನುಂಗುವ ಅರವತ್ತರ ಗೃಹಸ್ಥನಿಗೆ ಅದು ಅಪಾಯ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ ಎಂಬುದನ್ನು ಭಾರ ಮುಟ್ಟುವ ಮೊದಲೇ ಹೇಳಿಕೊಡಬೇಕು.

ಜಿಮ್ಮಿಗೆ ನಾನು ಹೋದ ಮೊದಲ ದಿನ, ಒಬ್ಬ ತರುಣ ತರಬೇತುದಾರ ಕಾಲೇಜು ವಿದ್ಯಾರ್ಥಿ, ನಿವೃತ್ತಿಯ ಅಂಚಿನಲ್ಲಿದ್ದ ಬ್ಯಾಂಕ್ ಅಧಿಕಾರಿ ಮತ್ತು ಅರವತ್ತೇಳು ವರ್ಷದ ನಿವೃತ್ತ ಶಿಕ್ಷಕಿ, ಈ ಮೂವರಿಂದಲೂ ಒಂದೇ ವ್ಯಾಯಾಮವನ್ನು ಒಂದೇ ಎಣಿಕೆಗೆ ಮಾಡಿಸುತ್ತಿದ್ದ. ನನ್ನ ತಾರುಣ್ಯವೇ ಎದುರಿಗೆ ನಿಂತಂತಾಯಿತು. ಅವನ ಕೈಯಲ್ಲಿ ನಾಡಿಬಡಿತದ ಕೋಷ್ಟಕವೊಂದಿತ್ತು. 220ರಲ್ಲಿ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಅದು ಅಂದಾಜು ಮಾತ್ರ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾಗಿ, ಆ ಬ್ಯಾಂಕ್ ಅಧಿಕಾರಿ ಮೆಟೊಪ್ರೊಲಾಲ್ ಎಂಬ ಔಷಧ ಸೇವಿಸುತ್ತಿದ್ದರು. ಬೀಟಾ ಬ್ಲಾಕರ್ ಎಂಬ ಈ ಬಗೆಯ ಔಷಧಗಳು ನಾಡಿಯನ್ನೇ ತಗ್ಗಿಸುತ್ತವೆ. ಕೋಷ್ಟಕದ ಸಂಖ್ಯೆ ಮುಟ್ಟಲಿಲ್ಲವೆಂದು ಆ ತರುಣ ಅವರನ್ನು ಇನ್ನಷ್ಟು ಓಡಿಸುತ್ತಿದ್ದ! ಅಂಥವರಲ್ಲಿ ನಂಬಬೇಕಾದದ್ದು ಮಾತನ್ನು. ನಡೆಯುತ್ತ ಸಲೀಸಾಗಿ ಮಾತಾಡಬಲ್ಲರು, ಹಾಡಲಾರರು ಎಂದಾದರೆ ಶ್ರಮ ಮಧ್ಯಮ ಪ್ರಮಾಣದ್ದು. ಎರಡು ಪದಕ್ಕೊಮ್ಮೆ ಉಸಿರು ಸಿಕ್ಕಿಕೊಂಡರೆ ಅದು ಮೀರಿತೆಂದು ತಿಳಿಯಬೇಕು. ಸ್ವೀಡನ್ ದೇಶದ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಎಂಬವರು ಮನುಷ್ಯ ತನ್ನ ದಣಿವನ್ನು ತಾನೇ 6ರಿಂದ 20ರವರೆಗೆ ಅಳೆದು ಹೇಳುವ ಮಾಪಕವನ್ನೇ ರಚಿಸಿದರು. ದಮ್ಮು ಹತ್ತುತ್ತದೆ ಎಂದು ಹುಡುಗನೊಬ್ಬ ಹೇಳಿದ್ದನ್ನು ನಾನು ತಳ್ಳಿಹಾಕಿದ್ದೆ. ವಿಜ್ಞಾನ ಆ ಮಾತಿಗೇ ಅಂಕ ಕೊಟ್ಟು ಕೂರಿಸಿತ್ತು.

ಆ ಅಧಿಕಾರಿಗೆ ಮಧುಮೇಹವೂ ಇತ್ತು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಇಂಥವರ ರಕ್ತದ ಸಕ್ಕರೆ ವ್ಯಾಯಾಮದ ನಡುವೆ ಮಾತ್ರವಲ್ಲ, ಎಷ್ಟೋ ಗಂಟೆಗಳ ನಂತರವೂ ಕುಸಿಯಬಹುದು. ಆರಂಭಕ್ಕೆ ಮೊದಲು 90 ಮಿಲಿಗ್ರಾಂಗಿಂತ ಕೆಳಗಿದ್ದರೆ ಏನಾದರೂ ತಿನ್ನಿಸಬೇಕು. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬೂಟು ಕಚ್ಚಿದ್ದು ತಿಳಿಯುವುದಿಲ್ಲವಾದ್ದರಿಂದ ಪಾದಗಳನ್ನು ದಿನವೂ ನೋಡಿಕೊಳ್ಳಬೇಕು. ಈ ವಯಸ್ಸಿನಲ್ಲಿ ಇಷ್ಟೆಲ್ಲ ಏಕೆ ಎಂದು ಅವರೇ ಕೇಳಿದರು. ಅವರಿಗೆ ಲಂಡನ್ನಿನ ಬಸ್ಸಿನ ಕಥೆ ಹೇಳಿದೆ. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗೆ ಹೃದ್ರೋಗ ಕಡಿಮೆಯೆಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದರು. ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಅವರ ಮುಂದಿನ ಹೆಜ್ಜೆ. 1956ರಲ್ಲಿ ಅವರು ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರೆ, ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪವಾಗಿತ್ತು! ಬಂದ ದಿನ ಈತ ಹೇಗಿದ್ದ ಎಂದು ಅಂಥ ವಿದ್ವಾಂಸರೂ ಹಿಂತಿರುಗಿ ಕೇಳಬೇಕಾಯಿತು.

ಕೆನಡಾದಲ್ಲಿ 1970ರ ದಶಕದಲ್ಲಿ ಪ್ರಶ್ನಾವಳಿಯೊಂದು ರೂಪುಗೊಂಡಿತು. ಅದರ ಈಗಿನ ಪರಿಷ್ಕೃತ ರೂಪದಲ್ಲಿ ಏಳು ಮೂಲ ಪ್ರಶ್ನೆಗಳಿವೆ. ಹೃದ್ರೋಗ ಅಥವಾ ರಕ್ತದೊತ್ತಡ, ಎದೆನೋವು, ತಲೆಸುತ್ತು, ದೀರ್ಘಕಾಲದ ಬೇರೆ ಕಾಯಿಲೆ, ಔಷಧ, ಮೂಳೆ ಕೀಲುಗಳ ತೊಂದರೆ, ವೈದ್ಯರ ನಿಗಾ ಬೇಕೆಂಬ ಸಲಹೆ: ಇಷ್ಟೇ. ಇದನ್ನು ಕನ್ನಡದಲ್ಲಿ ಬರೆದು ಜಿಮ್ಮಿನ ದಾಖಲೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ್ದೇವೆ. ವಯಸ್ಸಾದವರಿಗಾಗಿ, ಕಳೆದ ವರ್ಷ ಎಂದಾದರೂ ಬಿದ್ದಿದ್ದೀರಾ ಎಂಬ ಇನ್ನೊಂದು ಪ್ರಶ್ನೆಯನ್ನು ನಾನೇ ಸೇರಿಸಿದೆ.

ವೃದ್ಧರಿಗೆ ಭಾರದ ವ್ಯಾಯಾಮವೇ ಕೂಡದೆಂದು ಇದರಿಂದ ಯಾರೂ ಭಾವಿಸಬಾರದು. ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ಸಾಧನೆ ಮಾಡಿಸಿದಾಗ, ಪೂರೈಸಿದವರ ಬಲ ಸರಾಸರಿ 174ರಷ್ಟು ಶೇಕಡಾ ಹೆಚ್ಚಿತೆಂದು 1990ರಲ್ಲಿ ಪ್ರಕಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ 65 ದಾಟಿದವರಿಗೆ ನಡಿಗೆಯ ಜೊತೆಗೆ ಬಲ ಮತ್ತು ಸಮತೋಲದ ಅಭ್ಯಾಸವನ್ನು ವಾರದಲ್ಲಿ ಮೂರು ದಿನವಾದರೂ ವಿಧಿಸುತ್ತದೆ. ಎಲ್ಲಿಂದ ಆರಂಭಿಸಬೇಕೆಂಬುದಷ್ಟೇ ಪ್ರಶ್ನೆ.

ಕಳೆದ ವಾರ ಆ ತರುಣ, ನಿವೃತ್ತ ಶಿಕ್ಷಕಿಯವರ ಮುಂದೆ ಪುಸ್ತಕ ಹಿಡಿದು ಕುಳಿತಿದ್ದ. ‘ಅಮ್ಮಾರ, ಈ ವರ್ಷ ಎಲ್ಲಾದರೂ ಬಿದ್ದೀರೇನ್ರಿ?’ ಎಂದು ಕೇಳಿದ. ಅವರು ಅತ್ತಿತ್ತ ನೋಡಿ, ‘ಬಚ್ಚಲದಾಗ ಎರಡ ಸಲ. ಮಗಗ ಹೇಳಿಲ್ಲಪಾ’ ಎಂದರು. ಅವನು ಕೈಯಲ್ಲಿದ್ದ ಡಂಬೆಲ್ಲನ್ನು ಬದಿಗಿಟ್ಟು, ಒಳಗಿನಿಂದ ಗಟ್ಟಿಯಾದ ಕುರ್ಚಿಯೊಂದನ್ನು ತಂದು ಗೋಡೆಗೆ ಆನಿಸಿ ಹಾಕಿದ. ಕೈ ಊರದೆ ಎಷ್ಟು ಸಲ ಎದ್ದು ಕೂರಬಲ್ಲಿರಿ ನೋಡೋಣ ಎಂದ. ಮೂರು ಸಲ ಎದ್ದರು. ಅವನು ಅದನ್ನು ಬರೆದುಕೊಂಡ.