'ಇಂದ' ಎಂಬ ಪ್ರತ್ಯಯ

ಮರಾಠಿಯ 'ಮುಳೆ', ನಮ್ಮ 'ಇಂದ' ಎರಡೂ ಕಾರಣ ಹೇಳುವಂಥವು. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕೆ ಎರಡೂ ಒಗ್ಗುವುದಿಲ್ಲ. ನಾರ್ವೆಯ ಸುಮಾರು 40 ಲಕ್ಷ ಜನರ 11 ವರ್ಷಗಳ ದಾಖಲೆ ಜಾಲಾಡಿದಾಗ, ಅಸ್ತಮಾದ ಸಾಲ್ಬುಟಮಾಲ್ ಬಳಸಿದವರಲ್ಲಿ ಪಾರ್ಕಿನ್ಸನ್ ಮೂರನೇ ಒಂದರಷ್ಟು ಕಡಿಮೆ; ಬಿಪಿಗೂ ಕೈನಡುಕಕ್ಕೂ ಕೊಡುವ ಪ್ರೊಪ್ರಾನೊಲಾಲ್ ನುಂಗಿದವರಲ್ಲಿ ದುಪ್ಪಟ್ಟಿಗೂ ಹೆಚ್ಚು. ಆ ದಾಖಲೆ ತೋರಿಸಿದ್ದು ನಂಟು, ಅಷ್ಟೇ.

ಆಮೇಲೆ ಬೇರೆ ಸಂಶೋಧಕರು ಲೆಕ್ಕವನ್ನು ತಿರುಗಿಸಿ ನೋಡಿದರು. ಪಾರ್ಕಿನ್ಸನ್ ಪತ್ತೆಯಾಗುವುದಕ್ಕೆ ಮುಂಚೆಯೇ ನಡುಕ ಶುರುವಾಗಿರುತ್ತದೆ. ಆ ನಡುಕಕ್ಕೇ ಪ್ರೊಪ್ರಾನೊಲಾಲ್ ಬರೆದುಕೊಟ್ಟಿದ್ದರೆ? ಗುಳಿಗೆ ರೋಗ ತರಲಿಲ್ಲ, ರೋಗವೇ ಗುಳಿಗೆ ತಂದಿತು. ಇನ್ನು ಸಾಲ್ಬುಟಮಾಲ್ ಬಳಸುವವರಲ್ಲಿ ಸಿಗರೇಟು ಸೇದಿದವರು ಹೆಚ್ಚು, ಸೇದುವವರಲ್ಲಿ ಪಾರ್ಕಿನ್ಸನ್ ಹೇಗೂ ಕಡಿಮೆ ಕಾಣುತ್ತದೆ. (ಸೇದಲು ಇದು ನೆಪವಲ್ಲ.) ತಲೆಸುತ್ತಿಗೆ ನಮ್ಮಲ್ಲಿ ಧಾರಾಳವಾಗಿ ಕೊಡುವ ಸಿನರಿಜಿನ್‌ಗಾದರೆ 'ಇಂದ' ಹಚ್ಚಬಹುದು: ಅದರಿಂದ ಪಾರ್ಕಿನ್ಸನ್‌ನಂಥದೇ ನಡುಕ, ಬಿಗಿತ ಬರುವುದುಂಟು, ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ನೌಪಾಡಾದ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಇದೆಲ್ಲ 'ಗೋಳೀಮುಳೆ ಪಾರ್ಕಿನ್ಸನ್' ಎಂದಷ್ಟೇ ಬಂತು. ಅವ್ವ ಕೈನಡುಕಕ್ಕೆ ಎರಡು ವರ್ಷದಿಂದ ಪ್ರೊಪ್ರಾನೊಲಾಲ್ ತಗೊಳ್ಳುತ್ತಾಳೆ. "ಈ ಗುಳಿಗಿಯಿಂದನ ಬರ್ತದಂತ ನೋಡವಾ, ನಾಳಿಂದ ಬ್ಯಾಡ" ಅಂದಳು. ಅದನ್ನು ಒಮ್ಮೆಗೇ ಬಿಡುವುದು ಹೃದಯಕ್ಕೆ ಅಪಾಯ. ಕೂರಿಸಿಕೊಂಡು ನಾರ್ವೆಯ ಕಥೆ ಪೂರ್ತಿ ಹೇಳಿದೆ.

ಅವಳು ಕೇಳಿಸಿಕೊಂಡು, ಮಡಿಲಲ್ಲಿದ್ದ ಬಲಗೈ ನೋಡಿಕೊಂಡು, "ಹಂಗಾರ ನಂದು ಯಾವ ನಡುಕವಾ?" ಅಂದಳು.

ಗುರುವಾರಕ್ಕೆ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿಯವರೆಗೆ ಗುಳಿಗೆ ನಡೆದಿದೆ.