ಅಂಗಳದ ಆಮೆ

ಮಾತನಾಡುವುದು ನಮಗೆಲ್ಲ ಎಷ್ಟು ಸಹಜವಾಗಿದೆಯೆಂದರೆ, ನಮ್ಮ ಮಾತಿನಲ್ಲಿ ಹೇಳಿದ ಭಾಗಕ್ಕಿಂತ ಹೇಳದೆ ಬಿಟ್ಟ ಭಾಗವೇ ಹೆಚ್ಚು ಎಂಬುದು ಗಮನಕ್ಕೇ ಬರುವುದಿಲ್ಲ. ತಾಯಿ ಮಗಳಿಗೆ ಸಾರು ಮಾಡುವುದನ್ನು ಹೇಳಿಕೊಡುತ್ತ, ‘ಬೇಳೆ ಬೆಂದ ಮೇಲೆ ಹದವಾಗಿ ಉಪ್ಪು ಹಾಕು, ಒಂದು ಕುದಿ ಬಂದರೆ ಇಳಿಸು’ ಎನ್ನುತ್ತಾಳೆ. ಹದವೆಂದರೆ ಎಷ್ಟು? ಬೇಳೆ ಬೆಂದಿದೆಯೆಂದು ತಿಳಿಯುವುದು ಹೇಗೆ? ಇಳಿಸುವ ಮೊದಲು ಕೈಗೆ ಬಟ್ಟೆ ಹಿಡಿಯಬೇಕೆ? ತಾಯಿ ಹೇಳುವುದಿಲ್ಲ, ಮಗಳು ಕೇಳುವುದಿಲ್ಲ. ಆದರೂ ಸಾರು ಆಗುತ್ತದೆ. ಕೇಳುವವರ ಬುದ್ಧಿ ನಮ್ಮ ಮಾತಿನ ಬಿರುಕುಗಳನ್ನೆಲ್ಲ ತಾನಾಗಿಯೇ ತುಂಬಿಕೊಳ್ಳುತ್ತದೆ. ಮನುಷ್ಯರ ನಡುವೆ ಬದುಕುವ ದೊಡ್ಡ ಸೌಲಭ್ಯವಿದು.

ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆಯಹೊರಟವನಿಗೆ ಈ ಸೌಲಭ್ಯವಿಲ್ಲ. ಕ್ರಮವಿಧಿಯಲ್ಲಿ ಏನಿದೆಯೋ ಅಷ್ಟನ್ನೇ ಯಂತ್ರವು ನಡೆಸುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತು ಎಂಬುದು ಅದಕ್ಕೆ ಬೇಕಿಲ್ಲ. ಆದುದರಿಂದ ಗಣಕಯಂತ್ರವನ್ನು ಕಲಿಯುವುದೆಂದರೆ, ಎಲ್ಲಕ್ಕಿಂತ ಮೊದಲು, ಬಿರುಕಿಲ್ಲದ ಮಾತನ್ನು ಕಲಿಯುವುದು. ಅನೇಕ ವರ್ಷ ಮಕ್ಕಳಿಗೆ ಗಣಿತವನ್ನು ಕಲಿಸಿದ ನನಗೆ ಈ ವಿದ್ಯೆ ಯಂತ್ರವಿರುವ ಕೊಠಡಿಗಿಂತ ಶಾಲೆಯ ಅಂಗಳದಲ್ಲಿಯೇ ಚೆನ್ನಾಗಿ ಬೇರುಬಿಡುತ್ತದೆ ಎಂದು ತೋರಿದೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಂದೇ ಒಂದು ಗಣಕಯಂತ್ರವಿತ್ತು. ಅದಕ್ಕೆ ಬಟ್ಟೆಯ ಮುಸುಕು, ಕೋಣೆಗೆ ಬೀಗ. ವಾರಕ್ಕೊಮ್ಮೆ ಬೀಗ ತೆಗೆದಾಗ ಮಕ್ಕಳು ಚಪ್ಪಲಿಯನ್ನು ಹೊರಗೆ ಬಿಟ್ಟು, ಗರ್ಭಗುಡಿಯ ಮುಂದೆ ನಿಂತವರಂತೆ ಸಾಲಾಗಿ ನಿಂತು ದರ್ಶನ ಮಾಡಿ ಬರುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆಗಳಿಗೆ ಕೊರತೆಯಿರಲಿಲ್ಲ. ‘ಗಣಕಯಂತ್ರದ ಭಾಗಗಳನ್ನು ಹೆಸರಿಸಿರಿ’ ಎಂದರೆ ನಲವತ್ತು ಮಕ್ಕಳೂ ಒಂದೇ ಉಸಿರಿನಲ್ಲಿ ಹೆಸರಿಸುತ್ತಿದ್ದರು. ನೀರಿಗಿಳಿಯದೆ ಈಜಿನ ಬಗೆಗಳನ್ನು ಬಾಯಿಪಾಠ ಮಾಡಿದಂತಿತ್ತು ಆ ವಿದ್ಯೆ. ಯಂತ್ರ ಹೆಚ್ಚಿಲ್ಲವೆಂಬುದು ನಿಜ. ಆದರೆ ಯಂತ್ರವಿಲ್ಲದೆ ಕಲಿಸಲು ಏನೂ ಉಳಿಯುವುದಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಲೇ ಇತ್ತು.

ಈ ವಿದ್ಯೆಯನ್ನು ಎಲ್ಲರಿಗೂ ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ಇತರ ದೇಶಗಳಲ್ಲಿಯೂ ಹಲವರು ಕೇಳಿಕೊಂಡಿದ್ದರು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತದ ಪ್ರಾಧ್ಯಾಪಕರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಈ ಯಂತ್ರವನ್ನು ಬಳಸಬೇಕೆಂದು ಬಯಸಿ 1964ರಲ್ಲಿ ಬೇಸಿಕ್ ಎಂಬ ಸರಳ ಭಾಷೆಯನ್ನು ರೂಪಿಸಿದರು. 1967ರಲ್ಲಿ ವಾಲಿ ಫ್ಯೂರ್ಜೈಗ್, ಸೀಮೋರ್ ಪೇಪರ್ಟ್ ಮತ್ತು ಸಿಂಥಿಯಾ ಸಾಲೊಮನ್ ಇನ್ನೂ ಮುಂದೆ ಹೋಗಿ, ಚಿಕ್ಕಮಕ್ಕಳಿಗಾಗಿಯೇ ಲೋಗೋ ಎಂಬ ಭಾಷೆಯನ್ನು ನಿರ್ಮಿಸಿದರು. ಪೇಪರ್ಟ್ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಭ್ಯಾಸ ಮಾಡಿದ ಜೀನ್ ಪಿಯಾಜೆಯವರೊಡನೆ ಜಿನೀವಾದಲ್ಲಿ ಕೆಲಸ ಮಾಡಿದ್ದವರು. ಮಗುವಿನ ತಲೆಯು ನಾವು ತುಂಬಬೇಕಾದ ಬರಿಯ ಪಾತ್ರೆಯಲ್ಲ, ತಾನು ಕೈಯಾರೆ ಮಾಡಿದ್ದರಿಂದ ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಲೋಗೋ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದಕ್ಕೊಂದು ‘ಆಮೆ’ ಜೊತೆಯಾಯಿತು. ಮೊದಲು ಅದು ನೆಲದ ಮೇಲೆ ತೆವಳುವ ಪುಟ್ಟ ಯಂತ್ರವಾಗಿತ್ತು. ಅನಂತರ ಪರದೆಯ ಮೇಲೆ ಚಲಿಸುವ ಚಿಹ್ನೆಯಾಯಿತು. ‘ಮುಂದೆ 100, ಬಲಕ್ಕೆ 90’ ಎಂಬ ಆದೇಶವನ್ನು ನಾಲ್ಕು ಬಾರಿ ಕೊಟ್ಟರೆ ಆಮೆ ಒಂದು ಚೌಕವನ್ನು ಬರೆಯುತ್ತದೆ. ಆಮೆ ಹೇಗೆ ನಡೆಯಬೇಕೆಂದು ತಿಳಿಯದಿದ್ದಾಗ ನೀನೇ ಆಮೆಯಾಗಿ ನಡೆದು ನೋಡು, ಎಂಬುದು ಪೇಪರ್ಟ್ ಅವರ ಉಪಾಯ.

ಇದನ್ನು ಓದಿದಾಗ, ನೆಲದ ಮೇಲೆ ನಡೆಯುವ ಆಮೆಗೆ ವಿದ್ಯುಚ್ಛಕ್ತಿಯಾದರೂ ಏಕೆ ಬೇಕು ಎನ್ನಿಸಿತು. ಮರುದಿನವೇ ತರಗತಿಯನ್ನು ಅಂಗಳಕ್ಕೆ ಕರೆದೊಯ್ದೆ. ಒಬ್ಬ ಹುಡುಗ ಆಮೆಯಾದ. ನಡೆದ ದಾರಿ ಕಾಣಲೆಂದು ಅವನ ಕೈಗೆ ಸುಣ್ಣದ ಪುಡಿಯನ್ನು ಕೊಟ್ಟೆವು. ತಿರುಗುವ ಕೋನವನ್ನು ಅಳೆಯಲು ಕಪ್ಪುಹಲಗೆಯ ದೊಡ್ಡ ಕೋನಮಾಪಕ ಸಿದ್ಧವಾಯಿತು. ನಿಯಮ ಒಂದೇ: ಆಮೆ ಸ್ವಂತ ಬುದ್ಧಿಯನ್ನು ಉಪಯೋಗಿಸಕೂಡದು.

ಚೌಕ ಸುಲಭವಾಗಿ ಬಂದಿತು. ಸಮಬಾಹು ತ್ರಿಭುಜವನ್ನು ಬರೆಯಿಸಿರಿ ಎಂದೆ. ತ್ರಿಭುಜದ ಪ್ರತಿಯೊಂದು ಕೋನವೂ 60 ಡಿಗ್ರಿಯೆಂದು ಎಲ್ಲರಿಗೂ ಗೊತ್ತು. ‘ಮುಂದೆ 10 ಹೆಜ್ಜೆ, ಬಲಕ್ಕೆ 60 ಡಿಗ್ರಿ, ಹೀಗೆ ಮೂರು ಬಾರಿ’ ಎಂದು ತರಗತಿಯ ಜಾಣರು ಆದೇಶ ಕೊಟ್ಟರು. ಆಮೆ ಮೂರು ಗೆರೆಗಳನ್ನು ಎಳೆದು, ಹೊರಟ ಜಾಗದಿಂದ ಬಹುದೂರ ಹೋಗಿ ನಿಂತಿತು. ತ್ರಿಭುಜವಾಗಲಿಲ್ಲ. ಆಮೆ ಸರಿಯಾಗಿ ತಿರುಗಲಿಲ್ಲವೆಂದು ಕೆಲವರು ಗದರಿಸಿದರು. ಮತ್ತೊಮ್ಮೆ ನಡೆಸಿದರು, ಮತ್ತೆ ಅದೇ ಫಲ.

ಆ ದಿನ ಆಮೆಯಾಗಿದ್ದವನು ಕೊನೆಯ ಬೆಂಚಿನ ಹುಡುಗ. ದಡ್ಡನೆಂದು ಹೆಸರಾದವನು. ಲೆಕ್ಕ ಮಾಡುವಾಗ ಯಾರೂ ನೋಡಬಾರದೆಂದು ಪುಸ್ತಕದ ಮೇಲೆ ಎಡಗೈಯನ್ನು ಅಡ್ಡವಿಟ್ಟುಕೊಳ್ಳುವುದು ಅವನ ಅಭ್ಯಾಸವಾಗಿತ್ತು. ಅವನು ಮೂಲೆಯಲ್ಲಿ ನಿಂತು, ತಾನು ಬಂದ ದಾರಿಯನ್ನೂ ಹೋಗಬೇಕಾದ ದಾರಿಯನ್ನೂ ನೋಡಿ, ನಿಧಾನವಾಗಿ ಮೈಯನ್ನು ತಿರುಗಿಸಿದ. ಅನಂತರ, ‘ಸಾರ್, ಅರವತ್ತು ಇರುವುದು ಮೂಲೆಯ ಒಳಗೆ. ನಾನು ತಿರುಗುವುದು ಹೊರಗಡೆ. ನೂರ ಎಂಬತ್ತರಲ್ಲಿ ಅರವತ್ತು ಕಳೆದರೆ ನೂರ ಇಪ್ಪತ್ತು. ಅಷ್ಟು ತಿರುಗಿದರೆ ಸರಿಹೋಗುತ್ತೆ’ ಎಂದ. ಸರಿಹೋಯಿತು. ಪೂರ್ತಿ ಒಂದು ಸುತ್ತು ಬಂದು ಮೊದಲಿನ ದಿಕ್ಕಿಗೇ ಮುಖಮಾಡಿದರೆ ಒಟ್ಟು ತಿರುಗಿದ್ದು 360 ಡಿಗ್ರಿ. ಮೂರು ಮೂಲೆಗೆ ಹಂಚಿದರೆ 120, ನಾಲ್ಕಕ್ಕೆ 90, ಆರಕ್ಕೆ 60 ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರು. ಮೊದಲು ತಪ್ಪೆಂದು ಕೈಬಿಟ್ಟ ಆದೇಶವನ್ನೇ ಆರು ಬಾರಿ ನಡೆಸಿದಾಗ ಜೇನುಗೂಡಿನ ಕಣ್ಣಿನಂಥ ಷಡ್ಭುಜವು ಮೂಡಿತು. ಅಂದು ಆ ಹುಡುಗನನ್ನು ಯಾರೂ ದಡ್ಡನೆನ್ನಲಿಲ್ಲ. ಅದಕ್ಕಿಂತ ಮುಖ್ಯವೆಂದರೆ, ಕೆಲವು ದಿನಗಳ ಮೇಲೆ ನಾನು ನೋಡಿದಾಗ ಅವನ ಎಡಗೈ ಪುಸ್ತಕದ ಮೇಲೆ ಇರಲಿಲ್ಲ.

ತಪ್ಪಿನ ವಿಷಯದಲ್ಲಿ ನಮ್ಮ ಶಾಲೆಗಳದು ಕಠಿಣವಾದ ಧೋರಣೆ. ತಪ್ಪೆಂದರೆ ಕೆಂಪುಶಾಯಿ, ಕಳೆದುಹೋದ ಅಂಕ, ತಗ್ಗಿಸಿದ ತಲೆ. ಕ್ರಮವಿಧಿಯನ್ನು ಬರೆಯುವವರ ಲೋಕದಲ್ಲಿ ಹಾಗಲ್ಲ. ಅಲ್ಲಿ ತಪ್ಪಿಗೆ ‘ಬಗ್’, ಅಂದರೆ ಹುಳು, ಎಂದು ಹೆಸರು. ಯಂತ್ರದ ದೋಷವನ್ನು ಹಾಗೆ ಕರೆಯುವ ವಾಡಿಕೆ ಹಿಂದಿನಿಂದಲೂ ಇತ್ತು. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಎಂಬ ಗಣಕಯಂತ್ರದೊಳಗೆ ನಿಜವಾದ ಪತಂಗವೊಂದು ಸಿಕ್ಕಿಬಿದ್ದಿದ್ದಾಗ, ಅಲ್ಲಿದ್ದವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಹುಳು ನಿಜವಾಗಿಯೂ ಸಿಕ್ಕಿತೆಂದು ಬರೆದಿಟ್ಟರು. ಅಕ್ಕಿಯಲ್ಲಿ ಹುಳು ಬಿದ್ದರೆ ಅಳುತ್ತ ಕೂರುವುದಿಲ್ಲ; ಮೊರದಲ್ಲಿ ಹಾಕಿಕೊಂಡು ಆರಿಸುತ್ತೇವೆ. ಕ್ರಮವಿಧಿಯ ತಪ್ಪೂ ಅಂಥದೇ. ಎಷ್ಟೇ ಅನುಭವಿಯಾದವನ ಕೆಲಸದಲ್ಲಿಯೂ ಅದು ಇರುತ್ತದೆ. ಹುಡುಕುವುದೂ ಕೆಲಸದ ಒಂದು ಭಾಗ. ಮಕ್ಕಳಿಗೆ ಈ ಸಮಾಧಾನವನ್ನು ಕಲಿಸಿದರೆ ಅರ್ಧ ವಿದ್ಯೆಯನ್ನು ಕಲಿಸಿದಂತೆ.

ನಮ್ಮ ಅಂಗಳದ ಪಾಠ ಊರಿಗೆಲ್ಲ ಸುದ್ದಿಯಾಯಿತು. ಒಂದು ದಿನ ರೈತರೊಬ್ಬರು ಶಾಲೆಗೆ ಬಂದು, ‘ಏನು ಮೇಷ್ಟ್ರೇ, ಕಂಪ್ಯೂಟರ್ ಕಲಿಸ್ತೀವಿ ಅಂತ ಹೇಳಿ ಹುಡುಗರಿಗೆ ಕುಂಟೆಬಿಲ್ಲೆ ಆಡಿಸ್ತೀರಂತಲ್ಲ!’ ಎಂದು ಕೇಳಿದರು. ನಾನು ವಾದಕ್ಕೆ ಹೋಗಲಿಲ್ಲ. ಅವರ ಮಗನನ್ನೇ ಯಂತ್ರವಾಗಿ ನಿಲ್ಲಿಸಿ, ಜಗಲಿಯ ಮೇಲಿನ ಹೂಜಿಯಿಂದ ಒಂದು ಲೋಟ ನೀರನ್ನು ತರಿಸಿರಿ ಎಂದೆ. ‘ಹೋಗಿ ನೀರು ತಗೊಂಡು ಬಾರೋ’ ಎಂದರು; ಹುಡುಗ ಅಲುಗಲಿಲ್ಲ. ‘ಮುಂದಕ್ಕೆ ನಡಿ’ ಎಂದರು. ನಡೆದವನು ಗೋಡೆಗೆ ತಾಗಿದರೂ ನಿಲ್ಲದೆ, ನಿಂತಲ್ಲೇ ಹೆಜ್ಜೆ ಹಾಕತೊಡಗಿದ. ‘ನಿಲ್ಲೋ ಮಾರಾಯ!’ ಎಂದು ಅವರು ಕೂಗುವಷ್ಟರಲ್ಲಿ ತರಗತಿಯೆಲ್ಲ ನಗುತ್ತಿತ್ತು. ಕಾಲುಗಂಟೆ ಹೆಣಗಿ ನೀರನ್ನು ತರಿಸಿದ ಮೇಲೆ ಅವರು ಬೆವರೊರೆಸಿಕೊಂಡು, ‘ಇವನಿಗಿಂತ ನಮ್ಮ ಎತ್ತುಗಳೇ ವಾಸಿ ಮೇಷ್ಟ್ರೇ, ಅರ್ಧ ಮಾತಿಗೇ ತಿಳ್ಕೊಳ್ತವೆ’ ಎಂದರು. ಎತ್ತಿಗೆ ತಿಳಿಯುವುದು ಯಂತ್ರಕ್ಕೆ ತಿಳಿಯುವುದಿಲ್ಲ. ನಾನು ಕಲಿಸಬೇಕೆಂದಿದ್ದ ಪಾಠವನ್ನು ಅವರು ನನಗಿಂತ ಚೆನ್ನಾಗಿ ಹೇಳಿದ್ದರು.

ಯಂತ್ರವಿಲ್ಲದೆ ಗಣಕವಿಜ್ಞಾನವನ್ನು ಕಲಿಸುವ ವಿಧಾನವನ್ನು ಟಿಮ್ ಬೆಲ್, ಇಯಾನ್ ವಿಟನ್ ಮತ್ತು ಮೈಕ್ ಫೆಲೋಸ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ವ್ಯವಸ್ಥಿತವಾಗಿ ರೂಪಿಸಿದರು. ನ್ಯೂಜಿಲೆಂಡಿನಿಂದ ಅದು ಅನೇಕ ದೇಶಗಳಿಗೆ ಹರಡಿತು. ಅವರ ಒಂದು ಆಟದಲ್ಲಿ ಐದು ರಟ್ಟಿನ ಚೀಟಿಗಳಿರುತ್ತವೆ. ಅವುಗಳ ಮೇಲೆ ಕ್ರಮವಾಗಿ 1, 2, 4, 8, 16 ಚುಕ್ಕಿಗಳು. ಚೀಟಿಯನ್ನು ತೆರೆದು ಹಿಡಿಯಬಹುದು, ಇಲ್ಲವೇ ಮಗುಚಿ ಹಿಡಿಯಬಹುದು. 1, 4, 8 ಚುಕ್ಕಿಯ ಚೀಟಿಗಳನ್ನು ಮಾತ್ರ ತೆರೆದರೆ 13. ಹೀಗೆ ಸೊನ್ನೆಯಿಂದ 31ರವರೆಗಿನ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ಎರಡೇ ಚಿಹ್ನೆಗಳಿಂದ ಯಂತ್ರವು ಎಲ್ಲ ಸಂಖ್ಯೆಗಳನ್ನೂ ಬರೆದುಕೊಳ್ಳುವ ಗುಟ್ಟು ಇದೇ.

ಈ ಆಟವನ್ನು ಆಡಿಸಿದಾಗ ಒಬ್ಬ ಹುಡುಗಿ, ‘ಇದು ಕನ್ನಡ ಪಿರಿಯಡ್ಡಿನ ಲಘು-ಗುರುವಿನ ಹಾಗಿದೆ, ಸಾರ್’ ಎಂದಳು. ಅವಳ ಮಾತು ಸತ್ಯ. ಲಘು, ಗುರು ಎಂಬ ಎರಡೇ ಗುರುತುಗಳನ್ನು ಒಂದು ಸ್ಥಾನದಲ್ಲಿಟ್ಟರೆ 2 ಬಗೆ, ಎರಡು ಸ್ಥಾನಗಳಲ್ಲಿ 4, ಮೂರು ಸ್ಥಾನಗಳಲ್ಲಿ 8. ನೀವು ‘ಯಮಾತಾರಾಜಭಾನಸಲಗಂ’ ಎಂದು ನೆನಪಿಟ್ಟುಕೊಳ್ಳುವ ಎಂಟು ಅಕ್ಷರಗಣಗಳು ಈ ಎಂಟೇ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಪಿಂಗಳನು ಸಂಸ್ಕೃತದಲ್ಲಿ ಈ ಪ್ರಸ್ತಾರದ ಕ್ರಮವನ್ನು ವಿವರಿಸಿದ್ದನು. ಅಷ್ಟರಿಂದಲೇ ನಮ್ಮ ಹಿರಿಯರಿಗೆ ಗಣಕಯಂತ್ರ ಗೊತ್ತಿತ್ತೆಂದು ಹೇಳುವುದು ಅತಿಶಯವಾದೀತು. ಆದರೆ ಹೊಸದೆಂದು ಹೆದರಿದ ವಿದ್ಯೆಯ ಒಂದು ಎಳೆ ತಾನು ಆಗಲೇ ಬಲ್ಲ ಪಾಠದಲ್ಲಿದೆಯೆಂದು ತಿಳಿದಾಗ ಮಗುವಿನ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಅಂಥ ಎಳೆಗಳು ಬೇರೆಯೂ ಇವೆ. ಮದ್ರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ತಮಿಳುನಾಡಿನ ಕೋಲಗಳನ್ನು, ಎಂದರೆ ಚುಕ್ಕಿರಂಗೋಲಿಗಳನ್ನು, ಗಣಕವಿಜ್ಞಾನದ ವ್ಯಾಕರಣ ನಿಯಮಗಳಿಂದ ವರ್ಣಿಸಿ 1974ರಲ್ಲಿ ಲೇಖನವನ್ನು ಪ್ರಕಟಿಸಿದರು. ನಮ್ಮ ಅಂಗಳದಲ್ಲಿ ಇಬ್ಬರು ಹುಡುಗಿಯರು ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕುಳಿತರು. ಒಬ್ಬಳು ರಂಗೋಲಿಯನ್ನು ಬರಿಯ ಮಾತಿನಲ್ಲಿ ಹೇಳಬೇಕು, ಇನ್ನೊಬ್ಬಳು ಕೇಳಿದಂತೆ ಬರೆಯಬೇಕು. ಮೊದಲ ದಿನ ಎರಡು ರಂಗೋಲಿಗಳಿಗೂ ಏನೇನೂ ಹೋಲಿಕೆಯಿರಲಿಲ್ಲ. ವಾರದ ಹೊತ್ತಿಗೆ, ‘ಒಂದು ಎಸಳಿನ ಕ್ರಮವನ್ನು ಹೇಳುತ್ತೇನೆ, ಅದನ್ನು ನಾಲ್ಕು ದಿಕ್ಕಿಗೂ ಮಾಡು’ ಎನ್ನುವಷ್ಟು ಅವರ ಮಾತು ಬಿಗಿಯಾಯಿತು. ದೊಡ್ಡ ಕೆಲಸವನ್ನು ಚಿಕ್ಕದಾಗಿ ಒಡೆದು, ಚಿಕ್ಕದನ್ನು ಮತ್ತೆ ಮತ್ತೆ ಬಳಸುವುದೆಂದರೆ ಇದೇ. ಅನಂತರ ಯಂತ್ರದ ಮುಂದೆ ಕುಳಿತಾಗ ಆ ಮಕ್ಕಳು ಕಲಿಯಬೇಕಾಗಿದ್ದುದು ಬರಿಯ ಕೀಲಿಗಳನ್ನು ಒತ್ತುವುದನ್ನು. ಪರದೆಯ ಮೇಲೆ ತಪ್ಪಿನ ಸೂಚನೆ ಬಂದಾಗ ಅವರು ಬೆಚ್ಚಿ ಹಿಂದಕ್ಕೆ ಸರಿಯಲಿಲ್ಲ. ‘ಹುಳು ಎಲ್ಲಿದೆ ನೋಡೋಣ’ ಎಂದು ಮುಂದಕ್ಕೆ ಬಾಗಿದರು.

ಇಂದು ಕಾಲ ಇನ್ನಷ್ಟು ಮುಂದೆ ಸಾಗಿದೆ. ನಾವು ಆಡುಮಾತಿನಲ್ಲಿ ಕೇಳಿಕೊಂಡರೆ ತಾನೇ ಕ್ರಮವಿಧಿಯನ್ನು ಬರೆದುಕೊಡುವ ಯಂತ್ರಗಳು ಬಂದಿವೆ. ಹಾಗಿದ್ದಮೇಲೆ ಮಕ್ಕಳು ಇದನ್ನೆಲ್ಲ ಕಲಿಯುವುದೇಕೆಂದು ಕೇಳುವವರಿದ್ದಾರೆ. ಆದರೆ ನಾವು ಹೇಳದೆ ಬಿಟ್ಟದ್ದನ್ನು ಆ ಯಂತ್ರವು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. ತುಂಬಿಕೊಂಡದ್ದು ಸರಿಯಿರಬಹುದು, ತಪ್ಪೂ ಇರಬಹುದು. ಅದು 60 ಎಂದು ಬರೆದುಕೊಟ್ಟಾಗ, 120 ಆಗಬೇಕೆಂದು ಹೇಳಬಲ್ಲವರು ಯಾರು? ಅಂಗಳದಲ್ಲಿ ಒಮ್ಮೆಯಾದರೂ ತಾನೇ ಆಮೆಯಾಗಿ ನಡೆದವನು ಹೇಳಬಲ್ಲ. ನಡೆಯದವನು ಯಂತ್ರ ಕೊಟ್ಟದ್ದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಕಾದೀತು.

ನಿಮ್ಮಲ್ಲಿ ಕೆಲವರ ಶಾಲೆಯಲ್ಲಿ ಒಳ್ಳೆಯ ಗಣಕಯಂತ್ರಗಳಿರಬಹುದು; ಕೆಲವರ ಶಾಲೆಯಲ್ಲಿ ಒಂದೂ ಇಲ್ಲದಿರಬಹುದು. ಎಲ್ಲ ಮಕ್ಕಳಿಗೂ ಅವು ದೊರೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಬರುವವರೆಗೆ ಕಾಯಬೇಕಾಗಿಲ್ಲ. ನಾನು ಹೇಳಿದ್ದು ಸ್ಪಷ್ಟವಾಗಿದೆಯೇ, ಎಣಿಸಿದ್ದು ಆಗದಿದ್ದರೆ ಎಲ್ಲಿ ತಪ್ಪಿತು, ಅದನ್ನು ತಿದ್ದುವುದು ಹೇಗೆ ಎಂದು ನಾಚಿಕೆಯಿಲ್ಲದೆ ಕೇಳಿಕೊಳ್ಳುವ ಅಭ್ಯಾಸವೇ ಈ ವಿದ್ಯೆಯ ಬೇರು. ಆ ಬೇರಿಗೆ ಬೇಕಾದುದು ಒಂದಿಷ್ಟು ಅಂಗಳ, ಒಂದು ಹಿಡಿ ಸುಣ್ಣದ ಪುಡಿ, ಮತ್ತು ತಪ್ಪಿದಾಗ ನಿಮ್ಮೊಡನೆ ನಕ್ಕು, ಜೊತೆಗೆ ಕುಳಿತು ಹುಡುಕುವ ಗೆಳೆಯರು.