ಬಿದರಿಯ ಬೆಳ್ಳಿ ಯಾವ ಗಣಿಯದು?

ಔರಾದದಿಂದ ಹೈದರಾಬಾದಿಗೆ ಹೋದಾಗ ಮೂಸಿ ನದಿಯ ದಂಡೆಯಲ್ಲಿರುವ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗುವುದು ನನಗೆ ರೂಢಿಯಲ್ಲ. 1956ರವರೆಗೆ ನಮ್ಮ ಬೀದರ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದಿತಾಗಿ, ಅಲ್ಲಿನ ಬಿದರಿ ಸಂಗ್ರಹದ ಮುಂದೆ ನಿಂತಾಗ ಪರಸ್ಥಳದ ಭಾವ ಮೂಡುವುದಿಲ್ಲ. ಹುಕ್ಕಾದ ಬುಡ, ಹೂಜಿ, ಪಾನ್‌ದಾನ್‌ಗಳ ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ ಹಬ್ಬಿರುತ್ತದೆ.

ಈ ಕಪ್ಪಿನ ಮರ್ಮ ಬಲ್ಲವರು ಬೀದರ ಕೋಟೆಯ ಮಣ್ಣನ್ನು ಕೊಂಡಾಡುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ, ಕೊನೆಗೆ ಆ ಮಣ್ಣಿಗೆ ನವಸಾಗರ ಕೂಡಿಸಿ ಉಜ್ಜುತ್ತಾರೆ. ಲೋಹದ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆದರೆ ಬೀದರದಲ್ಲಿ ಬೆಳ್ಳಿಯ ಗಣಿಯಿಲ್ಲ, ಸತುವಿನ ಗಣಿಯೂ ಇಲ್ಲ. ಸತುವನ್ನು ಬಟ್ಟಿ ಇಳಿಸುತ್ತಿದ್ದ ಪ್ರಾಚೀನ ನೆಲೆ ರಾಜಸ್ಥಾನದ ಜಾವರ್. ಬೆಳ್ಳಿಯ ದಾರಿ ಇನ್ನೂ ದೂರದ್ದು.

ಅದೇ ಸಂಗ್ರಹಾಲಯದ ಜಪಾನ್ ವಿಭಾಗಕ್ಕೆ ಬಂದಾಗ ನನಗೆ ನೆನಪಾಗುವುದು ಆ ದೇಶದ ಶಿಮಾನೆ ಪ್ರಾಂತದ ಇವಾಮಿ ಬೆಳ್ಳಿಗಣಿ. 1526ರ ಸುಮಾರಿಗೆ ಹಕಾಟದ ವರ್ತಕ ಕಮಿಯಾ ಜುತೇಯಿ ಅಲ್ಲಿ ಗಣಿಗಾರಿಕೆಗೆ ತೊಡಗಿದ. 1533ರಲ್ಲಿ ಅದಿರನ್ನು ಸೀಸದೊಡನೆ ಕರಗಿಸಿ, ಬೂದಿಯ ಒಲೆಯಲ್ಲಿ ಸೀಸವನ್ನು ಇಂಗಿಸಿ ಬೆಳ್ಳಿಯನ್ನು ಉಳಿಸಿಕೊಳ್ಳುವ ವಿಧಾನ ಅಲ್ಲಿಗೆ ಬಂದಿತು. 1923ರಲ್ಲಿ ಮುಚ್ಚಿದ ಆ ಗಣಿಪ್ರದೇಶ 2007ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗಣಿಯ ಇತಿಹಾಸಕ್ಕೆಂದೇ ಅಲ್ಲಿ ವಸ್ತುಸಂಗ್ರಹಾಲಯವಿದೆ. ಉಳಿಯ ಗುರುತುಗಳುಳ್ಳ ಸುರಂಗದೊಳಗೆ ನಡೆದು ನೋಡಲೂಬಹುದು. ನೆಲದೊಳಗೆ ದುಡಿದವನ ಶ್ರಮಕ್ಕೆ ಅಲ್ಲಿ ಬಂಡೆಯೇ ಶಾಸನ.

ಹದಿನೇಳನೆಯ ಶತಮಾನದಲ್ಲಿ ಡಚ್ಚರ ಕಂಪನಿ ಜಪಾನಿನ ಬೆಳ್ಳಿಯನ್ನು ಏಷ್ಯಾದ ವ್ಯಾಪಾರದಲ್ಲಿ ತೊಡಗಿಸಿತು. ಅದರಲ್ಲೊಂದು ಪಾಲು ಭಾರತದ ಕರಾವಳಿಗೂ ಬಂದಿತು. 1668ರಲ್ಲಿ ಜಪಾನ್ ಆ ರಫ್ತನ್ನು ನಿಷೇಧಿಸಿತು. ಸ್ಪೇನಿನ ಅಮೆರಿಕದ ಬೆಳ್ಳಿಯೂ ಇಲ್ಲಿಗೆ ಹರಿದು ಬರುತ್ತಿದ್ದ ಕಾಲವದು. ಟಂಕಸಾಲೆಯಲ್ಲಿ ಎಲ್ಲವೂ ಕರಗಿ ನಾಣ್ಯವಾಗುತ್ತಿತ್ತು. ನಾಣ್ಯ ಮತ್ತೆ ಕರಗಿ ಆಭರಣವೋ ತಂತಿಯೋ ಆಗುತ್ತಿತ್ತು. ಒಮ್ಮೆ ಮೂಸೆ ಸೇರಿದ ಬೆಳ್ಳಿಗೆ ಊರಿಲ್ಲ, ಗಣಿಯೂ ಇಲ್ಲ. ಆದ್ದರಿಂದ ಒಂದು ಬಿದರಿ ಹೂಜಿಯನ್ನು ಎತ್ತಿ ಹಿಡಿದು ಇದು ಇವಾಮಿಯ ಬೆಳ್ಳಿ ಎನ್ನುವುದು ಇತಿಹಾಸವಾಗದು. ಆದರೆ ಬಿದರಿಯನ್ನು ಬೀದರದೊಳಗೇ ಮುಗಿಸಿಬಿಡುವುದೂ ಇತಿಹಾಸವಾಗದು.

ದೇಸಿ ಎಂಬ ಮಾತನ್ನು ನಾವು ಹುಟ್ಟಿದ ನೆಲಕ್ಕೆ ಕಟ್ಟಿಹಾಕುತ್ತೇವೆ. ಬಿದರಿ ಬೇರೊಂದನ್ನು ತಿಳಿಸುತ್ತದೆ: ಹೊರಗಿನಿಂದ ಬಂದ ಲೋಹಗಳಿಗೆ ಈ ಊರು ಕೊಟ್ಟದ್ದು ಹಿಡಿ ಮಣ್ಣು ಮತ್ತು ತಲೆಮಾರುಗಳ ಕೈಚಳಕ, ಅಷ್ಟರಿಂದಲೇ ಅವು ಬೀದರದವಾದುವು. ಆದರೂ ಗಾಜಿನ ಕಪಾಟಿನ ಬಹುಪಾಲು ಚೀಟಿಗಳು ಶತಮಾನವನ್ನು ಹೇಳುತ್ತವೆ, ಕುಶಲಕರ್ಮಿಯ ಹೆಸರನ್ನಲ್ಲ. ಈ ಕಲೆಯನ್ನು ಅಭ್ಯಸಿಸುವವರು ವಿನ್ಯಾಸದ ಜೊತೆಗೆ ಟಂಕಸಾಲೆಯ ಲೆಕ್ಕ, ವರ್ತಕರ ಪತ್ರ, ಗಣಿಗಳ ಚರಿತ್ರೆ ಇವನ್ನೂ ಓದಿದರೆ ಆ ಕೈಗಳಿಗೂ, ಅವುಗಳಿಗೆ ಬೆಳ್ಳಿಯನ್ನು ಒದಗಿಸಿದ ಕತ್ತಲೆಯ ಕೈಗಳಿಗೂ ನ್ಯಾಯ ಸಲ್ಲೀತು.